ಬಿಲ್ಲಿಲ್ಲದ ಕಾಯಿಲೆ: ಪುಟ್ಟ ಮಕ್ಕಳ ಮೈಯಲ್ಲಿ ಏಳುವ ನೀರುಗುಳ್ಳೆ



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಉಪಸಮಿತಿಯಲ್ಲಿ ನಾನೂ ಒಬ್ಬ. ಹೃದಯದ ಶಸ್ತ್ರಚಿಕಿತ್ಸೆ, ಡಯಾಲಿಸಿಸ್, ಕ್ಯಾನ್ಸರ್, ಅಪಘಾತ ಇಂಥ ಅರ್ಜಿಗಳು ನಮಗೆ ಪರಿಚಿತ. ಅವುಗಳ ಜತೆ ಆಸ್ಪತ್ರೆಯ ಅಂದಾಜು ಪತ್ರ ಇರುತ್ತದೆ. ಎಷ್ಟು ಬೇಕು, ಚೆಕ್ ಯಾರ ಹೆಸರಿಗೆ ಬರೆಯಬೇಕು ಎಂಬುದು ಸ್ಪಷ್ಟವಾಗಿರುತ್ತದೆ. ಈ ಬಾರಿ ಬಂದ ಒಂದು ಅರ್ಜಿಯಲ್ಲಿ ಅಂಥ ಪತ್ರ ಇರಲಿಲ್ಲ. ಅಂಧೇರಿ ಪೂರ್ವದ ಹೋಟೆಲೊಂದರಲ್ಲಿ ದುಡಿಯುವ ನಮ್ಮ ಊರ ಕಡೆಯ ತಂದೆಯೊಬ್ಬರು ನಾಲ್ಕು ವರ್ಷದ ಮಗುವಿಗಾಗಿ ಸಲ್ಲಿಸಿದ ಅರ್ಜಿ ಅದು. ಜತೆಗಿದ್ದದ್ದು ಮುನಿಸಿಪಲ್ ಆಸ್ಪತ್ರೆಯ ಕೇಸ್ ಪೇಪರ್, ರಕ್ತಪರೀಕ್ಷೆಯ ಕೆಲವು ರಸೀದಿಗಳು ಮತ್ತು ಒಂದು ಬಯಾಪ್ಸಿ ವರದಿ. ರೋಗದ ಹೆಸರು, ಬಾಲ್ಯದ ಲೀನಿಯರ್ ಐಜಿಎ ಕಾಯಿಲೆ.

"ಚರ್ಮದ ಕಾಯಿಲೆ ತಾನೆ, ಮುಲಾಮಿಗೆ ಹೋಗುವುದಿಲ್ಲವೆ?" ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ಈ ಹೆಸರನ್ನು ಕೇಳಿದವರು ನಮ್ಮಲ್ಲಿ ಕಡಿಮೆ. ಆದರೆ ಇದು ಮುಲಾಮಿನಿಂದ ಮಾತ್ರ ಹೋಗುವ ಕಾಯಿಲೆಯಲ್ಲ. ಇದಕ್ಕೆ ದೊಡ್ಡ ಆಪರೇಷನ್ ಇಲ್ಲ, ಹಾಗಾಗಿ ದೊಡ್ಡ ಬಿಲ್ಲೂ ಇಲ್ಲ. ಬೇಕಾಗಿರುವುದು ಸಣ್ಣ ಮೊತ್ತ, ಆದರೆ ತಪ್ಪದೆ, ವರ್ಷಗಟ್ಟಲೆ. ನಮ್ಮ ನಿಧಿಯ ಈಗಿನ ಕ್ರಮ ಅದಕ್ಕೆ ಹೊಂದುವಂತಿಲ್ಲ. ಅದೇಕೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಕಾಯಿಲೆಯನ್ನು ತಿಳಿಯಬೇಕು. ಮಗುವಿನ ಗುರುತು ಸಿಗಬಹುದಾದ ವಿವರಗಳನ್ನು ಎಂದಿನಂತೆ ಬಿಟ್ಟಿದ್ದೇನೆ. ನಾನು ವೈದ್ಯನಲ್ಲ, ತಿಳಿದವರನ್ನು ಕೇಳಿ ಬರೆದಿದ್ದೇನೆ. ಇದನ್ನು ಮಾಹಿತಿಯೆಂದು ಓದಿ, ಚಿಕಿತ್ಸೆಗೆ ವೈದ್ಯರನ್ನೇ ಕಾಣಿ.

ಚರ್ಮದಲ್ಲಿ ನಡೆಯುವುದೇನು?

ಮುಂಬಯಿಯ ಮಳೆಗಾಲ ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಲೀಕೇಜ್ ಇರುವ ಗೋಡೆ ಜುಲೈ ಹೊತ್ತಿಗೆ ಉಬ್ಬುತ್ತದೆ. ಕೆಲವು ಕಡೆ ಬಣ್ಣದ ಪದರ ಮಾತ್ರ ತೆಳ್ಳಗೆ ಏಳುತ್ತದೆ. ಬೆರಳು ತಾಗಿದರೆ ಒಡೆದು ಉದುರುತ್ತದೆ. ಇನ್ನು ಕೆಲವು ಕಡೆ ಸಿಮೆಂಟಿನ ಗಾರೆಯೇ ಇಟ್ಟಿಗೆಯನ್ನು ಬಿಟ್ಟು ದಪ್ಪಗೆ ಉಬ್ಬಿ ನಿಲ್ಲುತ್ತದೆ. ಎರಡೂ ಉಬ್ಬೇ, ಆದರೆ ಬಿಟ್ಟುಕೊಂಡ ಜಾಗ ಬೇರೆ.

ನಮ್ಮ ಚರ್ಮಕ್ಕೂ ಪದರಗಳಿವೆ. ಮೇಲಿನದು ಮೇಲ್ಚರ್ಮ, ಕೆಳಗಿನದು ಒಳಚರ್ಮ. ಮೇಲ್ಚರ್ಮದ ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನುಗಳು ಕೆಲವು, ಇಡೀ ಮೇಲ್ಚರ್ಮವನ್ನು ಒಳಚರ್ಮಕ್ಕೆ ಅಂಟಿಸಿಡುವ ಪ್ರೋಟೀನುಗಳು ಬೇರೆ ಕೆಲವು. ಈ ಅಂಟು ಸಡಿಲವಾದ ಕಡೆ ನೀರು ತುಂಬಿಕೊಳ್ಳುತ್ತದೆ. ಅದೇ ನೀರುಗುಳ್ಳೆ.

ಅಂಟು ಸಡಿಲವಾಗುವುದೇಕೆ? ರೋಗಾಣುಗಳ ವಿರುದ್ಧ ಹೋರಾಡಲು ನಮ್ಮ ದೇಹ ಪ್ರತಿಕಾಯಗಳೆಂಬ ಕಣಗಳನ್ನು ತಯಾರಿಸುತ್ತದೆ. ಸೊಸೈಟಿಯ ವಾಚ್‌ಮನ್ ಕಳ್ಳನನ್ನು ತಡೆಯುವ ಬದಲು ಬಿಲ್ಡಿಂಗಿನಲ್ಲೇ ವಾಸಿಸುವವರ ಮೇಲೆ ಕೋಲೆತ್ತಿದರೆ ಹೇಗೋ ಹಾಗೆ, ಕೆಲವು ಮಕ್ಕಳಲ್ಲಿ ಈ ಪ್ರತಿಕಾಯಗಳು ಚರ್ಮದ ಅಂಟನ್ನೇ ಶತ್ರುವೆಂದು ಹಿಡಿಯುತ್ತವೆ. ಇಂಥ ಕಾಯಿಲೆಗಳಿಗೆ ಆಟೋಇಮ್ಯೂನ್ ಕಾಯಿಲೆಗಳೆಂದು ಹೆಸರು. ತಾಯಿ ಬಸುರಿಯಲ್ಲಿ ತಿಂದ ಪದಾರ್ಥದಿಂದಲೋ, ಮನೆಯ ಕೊಳೆಯಿಂದಲೋ, ಯಾರದೋ ದೃಷ್ಟಿಯಿಂದಲೋ ಇದು ಬರುವುದಿಲ್ಲ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮಗುವಿಗೆ ಗುಳ್ಳೆ ಎದ್ದರೆ ಮನೆಯಲ್ಲಿ ಮೊದಲು ಮಾತು ಕೇಳಬೇಕಾಗುವುದು ತಾಯಿ.

ಹಿಂದೆ ವೈದ್ಯರು ಹೆಚ್ಚುಕಡಿಮೆ ಎಲ್ಲ ಗುಳ್ಳೆ ರೋಗಗಳನ್ನೂ ಪೆಂಫಿಗಸ್ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. 1953ರಲ್ಲಿ ಅಮೆರಿಕದ ವಾಲ್ಟರ್ ಲೀವರ್ ಎಂಬ ವೈದ್ಯರು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಕಣಗಳೇ ಒಂದನ್ನೊಂದು ಬಿಡುವ ರೋಗ ಬೇರೆ, ಮೇಲ್ಚರ್ಮ ಪೂರ್ತಿಯಾಗಿ ಕೆಳಗಿನಿಂದ ಏಳುವ ರೋಗ ಬೇರೆ ಎಂದು ತೋರಿಸಿದರು. 1964ರಲ್ಲಿ ಅರ್ನ್‌ಸ್ಟ್ ಬ್ಯೂಟ್ನರ್ ಮತ್ತು ರಾಬರ್ಟ್ ಜೋರ್ಡನ್ ಎಂಬವರು ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಚರ್ಮದ ವಿರುದ್ಧವೇ ಕೆಲಸ ಮಾಡುವ ಪ್ರತಿಕಾಯಗಳನ್ನು ಕಂಡುಹಿಡಿದರು. ಇಂದು ಮುಂಬಯಿಯಲ್ಲಿ ಒಂದು ಮಗುವಿನ ಬಯಾಪ್ಸಿ ವರದಿಯಲ್ಲಿ ರೋಗದ ಹೆಸರು ನಿಖರವಾಗಿ ಬರುವುದಕ್ಕೆ ಈ ಎರಡು ಶೋಧಗಳೇ ಬುನಾದಿ.

ಪುಟ್ಟ ಮಕ್ಕಳಲ್ಲಿ ಕಾಣುವ ಬಗೆಗಳು

ಮೊದಲನೆಯದು ನಮ್ಮ ಅರ್ಜಿಯಲ್ಲಿರುವ ಲೀನಿಯರ್ ಐಜಿಎ ಕಾಯಿಲೆ. ಐಜಿಎ ಎಂಬುದು ಪ್ರತಿಕಾಯದ ಒಂದು ಬಗೆ. ಅದು ಮೇಲ್ಚರ್ಮ ಮತ್ತು ಒಳಚರ್ಮದ ನಡುವೆ ಗೆರೆ ಎಳೆದಂತೆ ಕೂತಿರುತ್ತದೆ. ಇದು ಸಾಮಾನ್ಯವಾಗಿ ಐದು ವರ್ಷದೊಳಗೆ ಶುರುವಾಗುತ್ತದೆ. ಕಿಬ್ಬೊಟ್ಟೆ, ತೊಡೆಸಂದು, ಪೃಷ್ಠ, ಬಾಯಿಯ ಸುತ್ತ ಬಿಗಿಯಾದ ಗುಳ್ಳೆಗಳು ಏಳುತ್ತವೆ, ತುರಿಕೆ ಇರುತ್ತದೆ. ಹಳೆಯ ಗುಳ್ಳೆ ಒಣಗಿದ ಜಾಗದ ಅಂಚಿನಲ್ಲಿ ಹೊಸ ಗುಳ್ಳೆಗಳು ಮಲ್ಲಿಗೆ ಮೊಗ್ಗಿನ ದಂಡೆಯಂತೆ ಸುತ್ತಿಕೊಳ್ಳುವುದು ಇದರ ಗುರುತು. ವೈದ್ಯರು ಇದನ್ನು ಮುತ್ತಿನ ಸರಕ್ಕೆ ಹೋಲಿಸುತ್ತಾರೆ. ಕೆಲವು ಮಕ್ಕಳಲ್ಲಿ ಬಾಯಿಯ ಒಳಗೆ, ಕಣ್ಣಿನ ಪೊರೆಯಲ್ಲಿಯೂ ಹುಣ್ಣಾಗುತ್ತದೆ. ಚರ್ಮದ ಗಾಯ ಹೆಚ್ಚಾಗಿ ಕಲೆ ಕಟ್ಟದೆ ಮಾಗುತ್ತದೆ, ಬಣ್ಣದ ಗುರುತು ಮಾತ್ರ ಕೆಲಕಾಲ ಉಳಿಯುತ್ತದೆ. ಕಣ್ಣಿನ ವಿಷಯ ಹಾಗಲ್ಲ. ಅಲ್ಲಿ ಉಳಿಯುವ ಕಲೆ ದೃಷ್ಟಿಗೆ ತೊಂದರೆ ಮಾಡಬಹುದು. ಆದುದರಿಂದ ಕಣ್ಣಿನ ತಪಾಸಣೆ ಬಿಡುವಂತಿಲ್ಲ.

ಎರಡನೆಯದು ಹಸುಗೂಸುಗಳಲ್ಲಿ ಕಾಣುವ ಬುಲ್ಲಸ್ ಪೆಂಫಿಗಾಯ್ಡ್. ಹುಟ್ಟಿದ ಕೆಲವು ತಿಂಗಳಲ್ಲಿ ಅಂಗೈ, ಅಂಗಾಲುಗಳಲ್ಲಿ ದಪ್ಪ ಗುಳ್ಳೆ ಏಳುತ್ತದೆ, ಆಮೇಲೆ ಮೈಗೆ ಹರಡುತ್ತದೆ. ನೋಡಿದವರು ಹೆದರುತ್ತಾರೆ. ಆದರೆ ಸರಿಯಾದ ಚಿಕಿತ್ಸೆ ಸಿಕ್ಕಿದರೆ ಹೆಚ್ಚಿನ ಕೂಸುಗಳು ಪೂರ್ತಿ ಗುಣವಾಗುತ್ತವೆ.

ಮೂರನೆಯದು ಪೆಂಫಿಗಸ್. ಇಲ್ಲಿ ಬಿಡುವುದು ಕಣ ಕಣಗಳ ನಡುವಿನ ಅಂಟು. ಪುಟ್ಟ ಮಕ್ಕಳಲ್ಲಿ ಬಲು ಅಪರೂಪ, ಬಂದರೆ ಮಾತ್ರ ಗಂಭೀರ. ಎಷ್ಟೋ ಸಲ ಬಾಯಿಯ ಹುಣ್ಣಿನಿಂದ ಶುರುವಾಗುತ್ತದೆ. ಮಗು ಅನ್ನ ಬೇಡವೆಂದು ಹಟ ಮಾಡುತ್ತಿದೆಯೆಂದು ಮನೆಯವರು ತಿಳಿಯುತ್ತಾರೆ. ಪೆಂಫಿಗಸ್ ಇರುವ ತಾಯಿಗೆ ಹುಟ್ಟಿದ ಮಗುವಿಗೆ ತಾಯಿಯ ಪ್ರತಿಕಾಯಗಳು ದಾಟಿ ಬಂದು ಗುಳ್ಳೆ ಏಳುವುದುಂಟು. ಅದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ.

ಇವುಗಳ ಜತೆ ಬೆರೆಸಬಾರದ ಇನ್ನೊಂದಿದೆ: ಎಪಿಡರ್ಮೊಲೈಸಿಸ್ ಬುಲ್ಲೋಸ. ಇದರಲ್ಲಿ ಅಂಟಿನ ಪ್ರೋಟೀನು ಹುಟ್ಟಿನಿಂದಲೇ ಸರಿಯಾಗಿರುವುದಿಲ್ಲ. ಇದು ವಂಶವಾಹಿಯ ದೋಷ, ಆಟೋಇಮ್ಯೂನ್ ಅಲ್ಲ. ಸಾಮಾನ್ಯವಾಗಿ ಹುಟ್ಟಿದಾಗಲೋ ಸ್ವಲ್ಪ ಕಾಲದಲ್ಲೋ, ಉಜ್ಜಿದ ಕಡೆಯೆಲ್ಲ ಗುಳ್ಳೆ ಏಳುತ್ತದೆ. ಅದರ ಆರೈಕೆಯೇ ಬೇರೆ. ಒಂದರ ಬಗ್ಗೆ ಕೇಳಿದ "ಇದಕ್ಕೆ ಮದ್ದಿಲ್ಲ" ಎಂಬ ಮಾತನ್ನು ಇನ್ನೊಂದಕ್ಕೆ ಹಚ್ಚಿ ಕೈಚೆಲ್ಲಿ ಕೂರುವ ಮನೆಗಳಿವೆ. ನಮ್ಮ ಅರ್ಜಿಯಲ್ಲಿರುವ ಕಾಯಿಲೆಗೆ ಮದ್ದಿದೆ. ಹೆಚ್ಚಿನ ಮಕ್ಕಳಲ್ಲಿ ಇದು ಕೆಲವು ವರ್ಷಗಳಲ್ಲಿ, ಸಾಮಾನ್ಯವಾಗಿ ಹರೆಯಕ್ಕೆ ಬರುವ ಮೊದಲು, ಶಮನವಾಗುತ್ತದೆ. ಆ ವರ್ಷಗಳನ್ನು ದಾಟಿಸುವುದೇ ಚಿಕಿತ್ಸೆಯ ಕೆಲಸ.

ತಡವಾಗುವುದು ಎಲ್ಲಿ?

ಮಗುವಿನ ಮೈಯಲ್ಲಿ ಗುಳ್ಳೆ ಕಂಡರೆ ಯಾರ ಮನಸ್ಸಿಗೂ ಮೊದಲು ಬರುವುದು ಸೀತಾಳೆ ಸಿಡುಬು. "ಅಮ್ಮ ಬಂದಿದ್ದಾಳೆ" ಎಂದು ಬೇವಿನ ಸೊಪ್ಪು ಕಟ್ಟಿ ಕಾಯುತ್ತಾರೆ. ಸರ್ಪಸುತ್ತೆಂದು ತಿಳಿದು ಕೆಮ್ಮಣ್ಣು ಹಚ್ಚುವವರಿದ್ದಾರೆ. ಮಳೆಗಾಲದಲ್ಲಿ ಮಕ್ಕಳಿಗೆ ಬರುವ ಕಜ್ಜಿ, ಬ್ಯಾಕ್ಟೀರಿಯಾದಿಂದಾಗುವ ಕೀವುಗುಳ್ಳೆ, ಕೈ-ಕಾಲು-ಬಾಯಿ ರೋಗ ಇವೆಲ್ಲ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದುದರಿಂದ ಗಲ್ಲಿಯ ಡಾಕ್ಟರು ಮೊದಲು ಅವನ್ನೇ ಅನುಮಾನಿಸಿ ಆಂಟಿಬಯೋಟಿಕ್ ಕೊಡುವುದು ತಪ್ಪಲ್ಲ. ಒಂದು ಕೋರ್ಸ್ ಮುಗಿದರೂ ಹೊಸ ಗುಳ್ಳೆ ಏಳುತ್ತಿದ್ದರೆ ಮುಂದಿನ ಹೆಜ್ಜೆ ಇಡದಿರುವುದು ಮಾತ್ರ ತೊಂದರೆ. ಅದಕ್ಕೂ ದೊಡ್ಡ ತೊಂದರೆ, ಕೆಮಿಸ್ಟನ ಅಂಗಡಿಯಿಂದ ಚೀಟಿಯಿಲ್ಲದೆ ತಂದು ಹಚ್ಚುವ ಸ್ಟೀರಾಯ್ಡ್ ಬೆರೆತ ಮುಲಾಮು. ನಾಲ್ಕು ದಿನ ಇಳಿದಂತೆ ತೋರಿ ಮತ್ತೆ ಏಳುತ್ತದೆ, ಅಷ್ಟರಲ್ಲಿ ಗುರುತುಗಳೂ ಕೆಟ್ಟಿರುತ್ತವೆ.

ನಮ್ಮ ಕರಾವಳಿಯವರಲ್ಲಿ ಚರ್ಮದ ಕಾಯಿಲೆ ಎಂದೊಡನೆ ನಾಗದೋಷದ ಮಾತು ಬರುತ್ತದೆ, ಕುಕ್ಕೆ ಸುಬ್ರಹ್ಮಣ್ಯಕ್ಕೆ ಹರಕೆ ಹೊರುತ್ತಾರೆ. ಅದು ಅವರವರ ನಂಬಿಕೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಹರಕೆ ಹೊತ್ತ ಮೇಲೆ ಮಾತ್ರೆ ನಿಲ್ಲಿಸುವುದಕ್ಕೆ ಮಾತ್ರ ತಕರಾರಿದೆ. ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಮಾತ್ರೆ, ಕೇಸ್ ಪೇಪರ್ ಎರಡೂ ಇರಲಿ.

ಸದಸ್ಯರು ತಮ್ಮ ಮನೆಯಲ್ಲಿ, ಹೋಟೆಲಿನ ಹುಡುಗರ ಮನೆಗಳಲ್ಲಿ ಗಮನಿಸಬೇಕಾದದ್ದು ಇಷ್ಟು. ಎರಡು ವಾರ ಕಳೆದರೂ ಹೊಸ ಗುಳ್ಳೆಗಳು ಏಳುತ್ತಲೇ ಇವೆಯೇ? ಆಂಟಿಬಯೋಟಿಕ್ ಕೊಟ್ಟ ಮೇಲೂ ನಿಂತಿಲ್ಲವೇ? ದಂಡೆಯಂತೆ ಸುತ್ತಾಗಿ ಏಳುತ್ತಿವೆಯೇ? ಬಾಯಿ, ಕಣ್ಣು, ಗುಪ್ತಾಂಗದಲ್ಲಿ ಹುಣ್ಣಿದೆಯೇ? ಒಂದಕ್ಕೆ ಹೌದೆಂದರೂ ದೊಡ್ಡ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಕರೆದೊಯ್ಯಿರಿ. ಅಂಧೇರಿಯವರಿಗೆ ಹತ್ತಿರದ್ದು ವಿಲೆಪಾರ್ಲೆ ಪಶ್ಚಿಮದ ಕೂಪರ್ ಆಸ್ಪತ್ರೆ. ಪರೇಲಿನಲ್ಲಿ ಕೆಇಎಂ ಮತ್ತು ಮಕ್ಕಳಿಗಾಗಿಯೇ ಇರುವ ವಾಡಿಯಾ ಆಸ್ಪತ್ರೆ ಇವೆ. ಜ್ವರ, ಮೈಯ ಹೆಚ್ಚು ಭಾಗ ಹಸಿಗಾಯ, ಕೆಂಪಾದ ಕಣ್ಣು, ನೀರನ್ನೂ ಕುಡಿಯದ ಸ್ಥಿತಿ ಇದ್ದರೆ ಮರುದಿನಕ್ಕೆ ಕಾಯಬೇಡಿ.

ಎರಡು ಚೂರು, ಎರಡು ಬಾಟಲಿ

ರೋಗವನ್ನು ಖಚಿತಪಡಿಸಲು ಚರ್ಮದ ಚಿಕ್ಕ ಚೂರನ್ನು ತೆಗೆದು ಪರೀಕ್ಷಿಸಬೇಕು. ಜಾಗ ಮರಗಟ್ಟಿಸಿ ತೆಗೆಯುತ್ತಾರೆ, ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಗಿಯೇ ಇಲ್ಲ ಎನ್ನಬಹುದು. ಇಲ್ಲಿ ತಿಳಿದಿರಬೇಕಾದ ಒಂದು ವಿಷಯವಿದೆ. ತೆಗೆಯುವುದು ಒಂದು ಚೂರಲ್ಲ, ಎರಡು. ಗುಳ್ಳೆಯದೇ ಒಂದು ಚೂರು ಫಾರ್ಮಲಿನ್ ಬಾಟಲಿಗೆ ಹೋಗುತ್ತದೆ. ಪದರ ಎಲ್ಲಿ ಬಿಟ್ಟಿದೆಯೆಂಬುದನ್ನು ಅದು ಹೇಳುತ್ತದೆ. ಗುಳ್ಳೆಯ ಪಕ್ಕದ ಚರ್ಮದಿಂದ ತೆಗೆದ ಇನ್ನೊಂದು ಚೂರು ಬೇರೆಯೇ ದ್ರಾವಣದಲ್ಲಿ ಹೋಗಬೇಕು. ಅದರ ಮೇಲೆ ಹೊಳೆಯುವ ಬಣ್ಣ ಹಾಕಿ ಯಾವ ಪ್ರತಿಕಾಯ ಎಲ್ಲಿ ಕೂತಿದೆ ಎಂದು ನೋಡುತ್ತಾರೆ. ಇಮ್ಯುನೋಫ್ಲೋರೆಸೆನ್ಸ್ ಎಂಬುದು ಈ ಪರೀಕ್ಷೆಯ ಹೆಸರು. ಲೀನಿಯರ್ ಐಜಿಎ ಎಂಬ ಹೆಸರು ಬಂದಿರುವುದೇ ಅಲ್ಲಿ ಕಾಣುವ ಗೆರೆಯಿಂದ. ಈ ಎರಡನೆಯ ಚೂರು ಫಾರ್ಮಲಿನ್‌ಗೆ ಬಿದ್ದರೆ ಪರೀಕ್ಷೆ ಕೆಡುತ್ತದೆ.

ನಮ್ಮ ಅರ್ಜಿದಾರರ ಮಗುವಿಗೆ ಆದದ್ದು ಹಾಗೆಯೇ. ಖಾಸಗಿ ಕ್ಲಿನಿಕ್ಕೊಂದರಲ್ಲಿ ಹಣ ಕೊಟ್ಟು ಮಾಡಿಸಿದ ಮೊದಲ ಬಯಾಪ್ಸಿಯಲ್ಲಿ ಎಲ್ಲವೂ ಒಂದೇ ಬಾಟಲಿಗೆ ಹೋಗಿತ್ತು. ವರದಿಯಲ್ಲಿ ರೋಗ ಇಂಥದ್ದೆಂದು ಖಚಿತವಾಗಲಿಲ್ಲ. ಮುನಿಸಿಪಲ್ ಆಸ್ಪತ್ರೆಯಲ್ಲಿ ಮತ್ತೊಮ್ಮೆ ಸೂಜಿ, ಮತ್ತೊಮ್ಮೆ ಕಾಯುವಿಕೆ. ಆದ್ದರಿಂದ ಬಯಾಪ್ಸಿಗೆ ಹೋಗುವ ತಂದೆತಾಯಿಗಳು "ಇಮ್ಯುನೋಫ್ಲೋರೆಸೆನ್ಸ್‌ಗೆ ಬೇರೆ ಚೂರು ತೆಗೆಯುತ್ತೀರಾ?" ಎಂದು ಸಂಕೋಚವಿಲ್ಲದೆ ಕೇಳಬೇಕು. ಈ ಒಂದು ಪ್ರಶ್ನೆಯನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಕೇಳಿಕೊಡುವ ಜತೆಗಾರರು ನಮ್ಮ ಸಂಘದಿಂದ ಹೋಗುವಂತಾದರೂ ಅದೊಂದು ನೆರವೇ.

ಮಾತ್ರೆ ಅಗ್ಗ, ನಿಗಾ ಅಗ್ಗವಲ್ಲ

ಲೀನಿಯರ್ ಐಜಿಎ ಕಾಯಿಲೆಗೆ ಮೊದಲು ಕೊಡುವ ಔಷಧಿ ಡ್ಯಾಪ್ಸೋನ್. ಒಂದು ಮಾತ್ರೆಯ ಬೆಲೆ ಅಂಧೇರಿ ಸ್ಟೇಷನ್ನಿನ ಹೊರಗಿನ ಕಟಿಂಗ್ ಚಹಾಕ್ಕಿಂತ ಕಡಿಮೆ. ಮಗುವಿನ ತೂಕ ನೋಡಿ ಪ್ರಮಾಣ ನಿರ್ಧರಿಸುತ್ತಾರೆ. ಒಗ್ಗಿದ ಮಕ್ಕಳಲ್ಲಿ ಬೇಗನೆ ಹೊಸ ಗುಳ್ಳೆ ನಿಲ್ಲುತ್ತದೆ. ಇಷ್ಟು ಅಗ್ಗದ ಮದ್ದಿರುವಾಗ ನೆರವೇಕೆ ಎಂದರೆ, ಈ ಮಾತ್ರೆ ರಕ್ತದ ಮೇಲೆ ಕಣ್ಣಿಡದೆ ಕೊಡುವಂಥದ್ದಲ್ಲ.

ಶುರು ಮಾಡುವ ಮೊದಲೇ ಜಿ6ಪಿಡಿ ಎಂಬ ರಕ್ತಪರೀಕ್ಷೆ ಆಗಬೇಕು. ಕೆಂಪು ರಕ್ತಕಣಗಳನ್ನು ಕಾಪಾಡುವ ಒಂದು ಕಿಣ್ವ ಇದು. ಇದರ ಕೊರತೆ ಇರುವ ಮಗುವಿಗೆ ಡ್ಯಾಪ್ಸೋನ್ ಕೊಟ್ಟರೆ ರಕ್ತಕಣಗಳು ಗುಂಪಾಗಿ ಒಡೆದು ಜೀವಕ್ಕೇ ಅಪಾಯವಾಗಬಹುದು. ಈ ಕೊರತೆ ತಾಯಿಯ ಮೂಲಕ ಬಂದು ಹೆಚ್ಚಾಗಿ ಗಂಡುಮಕ್ಕಳಲ್ಲಿ ಪ್ರಕಟವಾಗುತ್ತದೆ. ಮುಂಬಯಿಯ ಪಾರ್ಸಿ ಸಮುದಾಯದಲ್ಲಿ ಇದು ಹೆಚ್ಚೆಂಬುದು ಬಹುಕಾಲದಿಂದ ತಿಳಿದ ವಿಷಯ, ಆದರೆ ಯಾವ ಸಮುದಾಯದಲ್ಲೂ ಇರಬಹುದು. ಇಂಥ ಆನುವಂಶಿಕ ರಕ್ತದೋಷಗಳ ಅಧ್ಯಯನಕ್ಕಾಗಿಯೇ ಇರುವ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ ನಮ್ಮ ಪರೇಲಿನ ಕೆಇಎಂ ಆವರಣದಲ್ಲೇ ಇದೆ. ಕೊರತೆ ಇದೆಯೆಂದು ತಿಳಿದರೆ ವೈದ್ಯರು ಬೇರೆ ಔಷಧಿ ಆರಿಸುತ್ತಾರೆ. ಅಂಥ ಮಕ್ಕಳ ಬಟ್ಟೆಯ ಪೆಟ್ಟಿಗೆಯಲ್ಲಿ ನಾಫ್ತಲಿನ್ ಗುಳಿಗೆಯನ್ನೂ ಇಡಬಾರದು.

ಮಾತ್ರೆ ಶುರುವಾದ ಮೇಲೆ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಸಾಮಾನ್ಯ, ಎಷ್ಟು ಇಳಿಯಿತೆಂದು ನೋಡುತ್ತಿರಬೇಕು. ತುಟಿ, ಉಗುರು ನೀಲಿಗಟ್ಟಿದರೆ, ಮೂತ್ರ ಕಪ್ಪಾದರೆ, ಮೊದಲ ಎರಡು ತಿಂಗಳಲ್ಲಿ ಜ್ವರದೊಂದಿಗೆ ಮೈಯೆಲ್ಲ ಕೆಂಪಾದರೆ, ಕಣ್ಣು ಹಳದಿಯಾದರೆ ತಕ್ಷಣ ವೈದ್ಯರಲ್ಲಿಗೆ ಓಡಬೇಕು. ರಕ್ತಪರೀಕ್ಷೆ ಸಾಮಾನ್ಯವಾಗಿ ಮೊದಲ ತಿಂಗಳು ವಾರಕ್ಕೊಮ್ಮೆ, ಮುಂದಿನ ಐದು ತಿಂಗಳು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಲೆಕ್ಕ ಹಾಕಿ: ಮೊದಲ ವರ್ಷವೇ 11 ಸಲ. ವರದಿ ತರಲು ಇನ್ನೊಂದು ಸುತ್ತು, ಕಣ್ಣಿನ ವಿಭಾಗಕ್ಕೆ ಬೇರೊಂದು ದಿನ. ಬೆಳಗಿನ ಗರ್ದಿಯಲ್ಲಿ ಮೈಯೆಲ್ಲ ಹಸಿಗಾಯದ ಮಗುವನ್ನು ಎತ್ತಿಕೊಂಡು ಅಂಧೇರಿಯಲ್ಲಿ ಲೋಕಲ್ ಹತ್ತಿ ಪ್ರಭಾದೇವಿಯಲ್ಲಿ ಇಳಿಯುವುದೆಂದರೇನು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಆದ್ದರಿಂದ ಟ್ಯಾಕ್ಸಿ. ಟ್ಯಾಕ್ಸಿಯ ಜತೆಗೆ ತಂದೆಯ ಒಂದು ದಿನದ ಪಗಾರ. ಈ ಕಾಯಿಲೆಯ ನಿಜವಾದ ಖರ್ಚು ಇಲ್ಲಿದೆ. ಇದಕ್ಕೆ ಯಾವ ಆಸ್ಪತ್ರೆಯೂ ಬಿಲ್ ಬರೆಯುವುದಿಲ್ಲ.

ಡ್ಯಾಪ್ಸೋನ್ ಒಂದೇ ಸಾಲದಿದ್ದರೆ, ಅಥವಾ ಕಾಯಿಲೆ ಬೇರೆ ಬಗೆಯದಾಗಿದ್ದರೆ, ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಸ್ಟೀರಾಯ್ಡ್ ಬರುವ ಮೊದಲು ಪೆಂಫಿಗಸ್ ಬಂದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ, ಆದ್ದರಿಂದ ಅದರ ಹೆಸರು ಕೇಳಿದೊಡನೆ ಹೆದರಬೇಕಿಲ್ಲ. ಹಾಗೆಂದು ಸದರವೂ ಸಲ್ಲದು. ವೈದ್ಯರು ಹೇಳದೆ ಒಮ್ಮೆಲೇ ನಿಲ್ಲಿಸಿದರೆ ಅಪಾಯ. ಹೆಚ್ಚು ಕಾಲ ಕೊಟ್ಟರೆ ಮಗುವಿನ ಎತ್ತರ, ತೂಕ, ಸೋಂಕು ಇವುಗಳ ಮೇಲೆ ಗಮನ ಬೇಕು. ಲಸಿಕೆ ಹಾಕಿಸುವ ಮೊದಲು ಮಗು ಈ ಔಷಧಿಯಲ್ಲಿದೆಯೆಂದು ಹೇಳಲೇಬೇಕು, ಕೆಲವು ಲಸಿಕೆಗಳನ್ನು ಮುಂದೂಡಬೇಕಾಗುತ್ತದೆ. ಕಠಿಣವಾದ ಪೆಂಫಿಗಸ್‌ಗೆ ಈಗ ರಿಟುಕ್ಸಿಮ್ಯಾಬ್ ಎಂಬ ಇಂಜೆಕ್ಷನ್ ಇದೆ. ಅದು ದುಬಾರಿ, ಅದಕ್ಕೆ ನಮ್ಮ ಈಗಿನ ಕ್ರಮದಂತೆ ಒಂದೇ ಚೆಕ್ ಬರೆಯಬಹುದು.

ಖೋಲಿಯಲ್ಲಿ ಆರೈಕೆ

ಹತ್ತಡಿ ಖೋಲಿಯಲ್ಲಿ ಐದಾರು ಜನ ಇರುವ ಮನೆಯಲ್ಲಿ ಹಸಿಗಾಯವನ್ನು ಸೋಂಕಿನಿಂದ ಕಾಪಾಡುವುದೇ ದೊಡ್ಡ ಕೆಲಸ. ಗುಳ್ಳೆಯ ಮೇಲ್ಪದರವನ್ನು ಕಿತ್ತು ತೆಗೆಯಬಾರದು, ಅದೇ ಒಳ್ಳೆಯ ಬ್ಯಾಂಡೇಜು. ಬಿಗಿದು ನೋಯುತ್ತಿರುವ ದೊಡ್ಡ ಗುಳ್ಳೆಯ ನೀರನ್ನು ನರ್ಸ್ ಶುದ್ಧ ಸೂಜಿಯಿಂದ ತೆಗೆಯಬಹುದು. ಒಣ ಗಾಜ್ ಬಟ್ಟೆ ಗಾಯಕ್ಕೆ ಅಂಟಿ ಬಿಡಿಸುವಾಗ ಚರ್ಮ ಕಿತ್ತು ಬರುತ್ತದೆ. ವ್ಯಾಸಲಿನ್ ಹಚ್ಚಿದ ಗಾಜ್ ಬಳಸಬೇಕು. ಬಟ್ಟೆ ಸಡಿಲವಾದ ಹತ್ತಿಯದಿರಲಿ, ಉಗುರು ಚಿಕ್ಕದಿರಲಿ.

ಇಲ್ಲಿ ನಮ್ಮ ಬಾಳೆಎಲೆಯ ಒಂದು ಸಂಗತಿ ಹೇಳಬೇಕು. ಅಂಟದ ಡ್ರೆಸಿಂಗ್ ದುಬಾರಿ. ಅದಕ್ಕೆ ಬದಲಿ ಹುಡುಕಿದವರಲ್ಲಿ ನಮ್ಮ ಮುಂಬಯಿಯ ವೈದ್ಯರೂ ಇದ್ದಾರೆ. 1980ರ ದಶಕದಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆಯ ಡಾ. ಮನೋಹರ ಕೇಸ್ವಾನಿ ಅವರು ಸುಟ್ಟ ಗಾಯಗಳಿಗೆ ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಪಟ್ಟಿಯನ್ನು ಬಳಸಿ ತೋರಿಸಿದರು. ಸಾಯನ್ ಆಸ್ಪತ್ರೆಯ ಡಾ. ಮಾಧುರಿ ಗೋರೆ ಅವರು ಬಾಳೆಎಲೆಯನ್ನು ಸುಟ್ಟ ಗಾಯಗಳಿಗೆ ಬಳಸಿ 2003ರಲ್ಲಿ ಅಧ್ಯಯನ ಪ್ರಕಟಿಸಿದರು. ಚರ್ಮ ಕಿತ್ತುಹೋದ ರೋಗಿಗಳನ್ನು ಬಾಳೆಎಲೆಯ ಮೇಲೆ ಮಲಗಿಸುವ ರೂಢಿ ನಮ್ಮ ದೇಶದ ಆಸ್ಪತ್ರೆಗಳಲ್ಲಿದೆ. ನುಣುಪಾದ ಎಲೆ ಗಾಯಕ್ಕೆ ಅಂಟುವುದಿಲ್ಲ, ತಂಪಾಗಿಯೂ ಇರುತ್ತದೆ. ಆದರೆ ಆಸ್ಪತ್ರೆಯಲ್ಲಿ ಬಳಸುವುದು ಶುದ್ಧೀಕರಿಸಿದ ಎಲೆ. ಮಾರ್ಕೆಟಿನಿಂದ ತಂದ ಊಟದ ಎಲೆಯನ್ನು ನೇರವಾಗಿ ಗಾಯಕ್ಕೆ ಹಾಕಬೇಡಿ, ವಾರ್ಡಿನವರನ್ನು ಕೇಳಿ ಮಾಡಿ.

ಇದು ಅಂಟುವುದಿಲ್ಲ

ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಜತೆಗೆ ಮಲಗಿದರೂ, ಒಂದೇ ತಟ್ಟೆಯಲ್ಲಿ ಉಂಡರೂ, ಗಾಯದ ನೀರು ತಾಗಿದರೂ ಅಂಟುವುದಿಲ್ಲ. ಹೀಗಿದ್ದೂ ನಮ್ಮ ಅರ್ಜಿಯ ಮಗುವನ್ನು ಬಾಲವಾಡಿಯಲ್ಲಿ "ವಾಸಿಯಾದ ಮೇಲೆ ಕರೆತನ್ನಿ" ಎಂದು ವಾಪಸು ಕಳಿಸಿದ್ದಾರೆ. ವಾಸಿಯಾಗಲು ವರ್ಷಗಳು ಬೇಕಾಗುವಾಗ ಆ ಮಾತಿನ ಅರ್ಥವೇನೆಂದು ಯೋಚಿಸಿ. ಅಂಟುರೋಗವಲ್ಲವೆಂದು ಆಸ್ಪತ್ರೆಯಿಂದ ಒಂದು ಚೀಟಿ ಬರೆಸಿಕೊಂಡರೆ ಎಷ್ಟೋ ಬಾಗಿಲು ತೆರೆಯುತ್ತದೆ. ಆ ಚೀಟಿ ಹಿಡಿದು ಶಾಲೆಗೆ ಹೋಗಿ ಮಾತನಾಡುವ ಹಿರಿಯರು ನಮ್ಮಲ್ಲಿದ್ದಾರೆ.

ಇನ್ನೊಂದು ಮುಜುಗರವನ್ನೂ ಬಿಡಿಸಿ ಹೇಳಿಬಿಡುತ್ತೇನೆ. ಡ್ಯಾಪ್ಸೋನ್ ಕುಷ್ಠರೋಗದ ಚಿಕಿತ್ಸೆಯಲ್ಲೂ ಬಳಸುವ ಮಾತ್ರೆ. 1890ರಲ್ಲಿ ಆರಂಭವಾದ ವಡಾಲದ ಆಕ್ವರ್ತ್ ಆಸ್ಪತ್ರೆಯ ನೆನಪಿರುವ ಈ ಊರಿನಲ್ಲಿ, ಆ ಮಾತ್ರೆಯ ಹೆಸರು ಕೇಳಿದ ನೆರೆಹೊರೆಯವರು ಪಿಸುಗುಟ್ಟುವುದುಂಟು. ಮಗುವಿಗೆ ಇರುವುದು ಕುಷ್ಠವಲ್ಲ. ಅದೇ ಮಾತ್ರೆ ಉರಿಯೂತವನ್ನೂ ತಗ್ಗಿಸುತ್ತದೆ, ಅದಕ್ಕಾಗಿ ಕೊಡುತ್ತಾರೆ. ಕುಷ್ಠವೂ ಈಗ ಮಾತ್ರೆಯಿಂದ ಪೂರ್ತಿ ಗುಣವಾಗುವ ರೋಗವೆಂಬುದನ್ನೂ ಜತೆಗೆ ನೆನಪಿಡೋಣ. ಪಿಸುಮಾತಿಗೆ ಹೆದರಿ ಮಾತ್ರೆ ನಿಲ್ಲಿಸುವ ಪಾಡು ಯಾವ ತಾಯಿಗೂ ಬಾರದಿರಲಿ.

ಯೋಜನೆಗಳು ನಿಲ್ಲುವ ಜಾಗ

ಸರಕಾರದ ನೆರವು ಇದೆಯಲ್ಲ ಎಂದು ಕೇಳಬಹುದು. ಇದೆ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆಗೆ ಇಲ್ಲಿನ ರೇಷನ್ ಕಾರ್ಡ್ ಅಥವಾ ವಾಸದ ದಾಖಲೆ ಬೇಕು. ನಮ್ಮ ಹೋಟೆಲ್ ಕೆಲಸಗಾರರಲ್ಲಿ ಎಷ್ಟೋ ಮಂದಿಯ ಕಾರ್ಡು ಇನ್ನೂ ಊರಿನಲ್ಲೇ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಕಾರ್ಡು ಬೇರೆ ರಾಜ್ಯದಲ್ಲೂ ನಡೆಯುತ್ತದೆ; ಊರಿನಲ್ಲಿ ಮಾಡಿಸಿದ್ದರೆ ಅದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಗೆ ತೋರಿಸಿ. ಧರ್ಮಾದಾಯ ಟ್ರಸ್ಟಿನ ಆಸ್ಪತ್ರೆಗಳು ಶೇಕಡಾ 10ರಷ್ಟು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನು ಶೇಕಡಾ 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿ ಕೊಡಬೇಕೆಂಬ ನಿಯಮ ಈ ರಾಜ್ಯದಲ್ಲಿದೆ. ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ವಿಚಾರಿಸಬೇಕು.

ಆದರೆ ಇವೆಲ್ಲ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ನಮ್ಮ ಮಗು ಹಾಸಿಗೆ ಹಿಡಿಯುವುದು ಕಾಯಿಲೆ ಕೈಮೀರಿದಾಗ ಮಾತ್ರ. ಅದು ಕೈಮೀರದಂತೆ ನೋಡಿಕೊಳ್ಳುವ ಒಪಿಡಿಯ ಓಡಾಟಕ್ಕೆ ಈ ಯೋಜನೆಗಳು ಒದಗುವುದು ಕಡಿಮೆ.

ಒಪಿಡಿಗೂ ಒದಗುವ ವ್ಯವಸ್ಥೆ ಒಂದಿದೆ, ಅದು ಇಎಸ್‌ಐ. ತಿಂಗಳಿಗೆ ₹21,000ದವರೆಗೆ ಸಂಬಳವಿರುವ ನೋಂದಾಯಿತ ಕೆಲಸಗಾರನ ಹೆಂಡತಿ ಮಕ್ಕಳಿಗೂ ಅದರಲ್ಲಿ ಚಿಕಿತ್ಸೆ ಸಿಗುತ್ತದೆ. ಈ ಪತ್ರಿಕೆಯನ್ನು ಓದುವ ಹೋಟೆಲ್ ಮಾಲಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಕೆಲಸಗಾರರ ಇಎಸ್‌ಐ ಕಾರ್ಡಿನಲ್ಲಿ ಮಕ್ಕಳ ಹೆಸರು ಸೇರಿದೆಯೇ ಎಂದು ಒಮ್ಮೆ ನೋಡಿ. ನಿಧಿಗೆ ಕೊಡುವ ದೇಣಿಗೆಯಷ್ಟೇ ದೊಡ್ಡ ಪುಣ್ಯ ಅದು. ರಕ್ತಪರೀಕ್ಷೆಯ ದಿನ ತಂದೆಗೆ ಪಗಾರದ ಸಹಿತ ಅರ್ಧ ದಿನ ರಜೆ ಕೊಟ್ಟರೆ ಅದೂ ದೇಣಿಗೆಯೇ.

ನಮ್ಮ ನಿಧಿ ಮಾಡಬೇಕಾದದ್ದು

ಉಪಸಮಿತಿಯಲ್ಲಿ ನಾನು ಇಟ್ಟಿರುವ ಸಲಹೆ ಇಷ್ಟು. ಇಂಥ ದೀರ್ಘಕಾಲದ ಕಾಯಿಲೆಯ ಮಗುವಿಗೆ ಒಮ್ಮೆ ಚೆಕ್ ಕೊಟ್ಟು ಕೈತೊಳೆದುಕೊಳ್ಳುವ ಬದಲು, ಒಂದು ವರ್ಷದ ಅವಧಿಗೆ ನೆರವನ್ನು ಮಂಜೂರು ಮಾಡಿ, ಪ್ರತಿ ವರ್ಷ ಪರಿಶೀಲಿಸಿ ಮುಂದುವರಿಸೋಣ. ನೆರವು ಮೂರು ಬಾಬ್ತುಗಳಿಗೆ: ಪರೀಕ್ಷೆ ಮತ್ತು ಡ್ರೆಸಿಂಗ್ ಸಾಮಾನಿನ ರಸೀದಿಗೆ ಪೂರ್ತಿ ಹಣ, ಆಸ್ಪತ್ರೆಗೆ ಹೋದ ದಿನದ ಟ್ಯಾಕ್ಸಿ ಮತ್ತು ಕಳೆದುಕೊಂಡ ಪಗಾರಕ್ಕೆ ನಿಗದಿತ ಮೊತ್ತ, ಕಾಲಕಾಲಕ್ಕೆ ಕಣ್ಣಿನ ತಪಾಸಣೆ.

ಹಣ ಸರಿಯಾದ ಕೆಲಸಕ್ಕೆ ಹೋಯಿತೆಂಬ ಖಾತರಿ ಏನು ಎಂದು ದಾನಿಗಳು ಕೇಳುವುದು ನ್ಯಾಯವೇ. ಮುನಿಸಿಪಲ್ ಆಸ್ಪತ್ರೆಯ ಕೇಸ್ ಪೇಪರಿನ ಮೇಲೆ ಪ್ರತಿ ಭೇಟಿಯ ತಾರೀಕು ಬೀಳುತ್ತದೆ. ಅದರ ನಕಲು ಬಂದ ಮೇಲೆಯೇ ಆ ತಿಂಗಳ ಹಣ. ಹೀಗೆ ಮಾಡಿದರೆ ಲೆಕ್ಕವೂ ಸರಿಯಿರುತ್ತದೆ, ಒಂದು ಭೇಟಿ ತಪ್ಪಿದರೆ ನಮಗೆ ತಿಳಿಯುತ್ತದೆ, ಏಕೆ ತಪ್ಪಿತೆಂದು ಫೋನ್ ಮಾಡಿ ವಿಚಾರಿಸಬಹುದು. ವರ್ಷಗಟ್ಟಲೆಯ ಚಿಕಿತ್ಸೆ ನಿಂತುಹೋಗುವುದು ಹೆಚ್ಚಾಗಿ ಹೀಗೆ ತಪ್ಪಿದ ಒಂದೆರಡು ಭೇಟಿಗಳಿಂದಲೇ.

ದಾನಿಗಳಲ್ಲಿ ಕೇಳಿಕೊಳ್ಳುವುದೂ ಅದಕ್ಕೆ ತಕ್ಕಂತೆಯೇ. ಒಮ್ಮೆಗೇ ₹6,000 ಕೊಡಬಲ್ಲವರು ಕೊಡಿ, ಅದಕ್ಕೆ ಕೃತಜ್ಞರು. ಆದರೆ ತಿಂಗಳಿಗೆ ₹500ರಂತೆ 12 ತಿಂಗಳು ಕೊಡುವೆನೆಂದು ಬರೆದುಕೊಟ್ಟರೆ ಇಂಥ ಮಗುವಿಗೆ ಅದರಿಂದ ಹೆಚ್ಚು ಉಪಕಾರ. ಏಕೆಂದರೆ ಮುಂದಿನ ಮಾರ್ಚಿನ ಪರೀಕ್ಷೆಗೂ ಹಣವಿದೆ ಎಂಬ ಧೈರ್ಯ ಆ ಮನೆಗೆ ಇಂದೇ ಸಿಗುತ್ತದೆ. ಹಣ ಕೊಡಲಾಗದವರು ತಿಂಗಳಿಗೊಂದು ಬೆಳಗ್ಗೆ ಕೊಡಿ: ಮರಾಠಿ ಬಲ್ಲವರು ಒಪಿಡಿಯ ಸಾಲಿನಲ್ಲಿ ಜತೆ ನಿಲ್ಲಬಹುದು, ಕಾರಿರುವವರು ಪರೇಲಿನವರೆಗೆ ಬಿಟ್ಟುಬರಬಹುದು. ಹೆಸರು ಕೊಡಬಯಸುವವರು ಸಂಘದ ಕಚೇರಿಯಲ್ಲಿ ವೈದ್ಯಕೀಯ ನೆರವು ಉಪಸಮಿತಿಯನ್ನು ಸಂಪರ್ಕಿಸಿ, ದೇಣಿಗೆಯ ಚೀಟಿಯ ಮೇಲೆ "ಮಾಸಿಕ ನೆರವು" ಎಂದು ಬರೆಯಲು ಮರೆಯಬೇಡಿ.